ಕ್ಯಾಪ್ಟನಮ್ಮ ಸತ್ತ ಮೇಲೆ

ಟಿವಿಯ ಪರದೆಯ ಮೇಲೆ ವಿಡಿಯೋ ಗೇಮಿನ ವೀರ ಬರಿಗಾಲಲ್ಲಿ ನಿಂತಿದ್ದ. ಹಿಂದಿನ ಗೇಮಿನಲ್ಲಿ ಅವನಿಗೆ ಹಾರುವ ಬೂಟಿತ್ತು, ಬೆಂಕಿ ಕಾರುವ ಕತ್ತಿಯಿತ್ತು. ಅವನ್ನು ಗಳಿಸಿಕೊಡಲು ನನ್ನ ಮಗಳು ಬೇಸಿಗೆ ರಜೆಯನ್ನೆಲ್ಲ ಸುರಿದಿದ್ದಳು. ಚಾಮರಾಜನಗರದ ಕಚೇರಿಯಿಂದ ಬರುವಾಗ ಅವಳಪ್ಪ ಅದೇ ಗೇಮಿನ ಎರಡನೆಯ ಭಾಗದ ಕ್ಯಾಸೆಟ್ ತಂದುಕೊಟ್ಟರು. ಹಾಕಿ ನೋಡಿದರೆ ವೀರನ ಕೈಯಲ್ಲಿ ಒಂದು ಕೋಲು, ಅಷ್ಟೆ.

"ಅವನ ಬೂಟೆಲ್ಲಿ ಹೋಯ್ತೇ?" ಎಂದೆ, ಹುರುಳಿಕಾಯಿಯ ನಾರು ತೆಗೆಯುತ್ತಾ.

"ತಲೆಗೆ ಏಟು ಬಿದ್ದು ಎಲ್ಲಾ ಮರ್ತೋಗಿದೆ ಅಮ್ಮಾ."

"ತಲೆಗೆ ಏಟು ಬಿದ್ರೆ ಕಾಲಿನ ಬೂಟು ಯಾಕೆ ಬಿಚ್ಕೊಳ್ಳುತ್ತೆ?"

"ಅಮ್ಮಾ, ಗೇಮ್ ಅಂದ್ರೆ ಹಂಗೇ. ಸುಮ್ನಿರು."

ಸುಮ್ಮನಿರುವುದು ನನ್ನಿಂದಾಗಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಕೇಬಲ್ಲಿನಲ್ಲಿ ಒಂದು ಇಂಗ್ಲಿಷ್ ಧಾರಾವಾಹಿ ನೋಡುತ್ತಿದ್ದೆ. ಎಷ್ಟೋ ವರ್ಷಗಳಿಂದ ನಕ್ಷತ್ರಗಳ ನಡುವೆ ಅಲೆಯುತ್ತಿದ್ದ ಒಂದು ಹಡಗಿನ ಕಥೆ. ಅಲ್ಲೂ ಇದೇ ಪಾಡು. ಒಂದು ವಾರ ಎಲ್ಲರ ಪ್ರಾಣ ಉಳಿಸಿದ ಯಂತ್ರ ಮುಂದಿನ ವಾರ ಯಾರಿಗೂ ನೆನಪಿಗೇ ಬರುತ್ತಿರಲಿಲ್ಲ. ಗ್ರಹದ ಸಮೇತ ಸಿಡಿದು ಬೂದಿಯಾದ ಖಳನಾಯಕ ಮರುವರ್ಷ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಬಂದು ನಿಲ್ಲುತ್ತಿದ್ದ. ಕೇಳಿದರೆ, ಸತ್ತದ್ದು ಅವನ ನಕಲು. ಕಥೆ ಪೂರ್ತಿ ಗಂಟು ಬಿದ್ದಾಗ ಕಾಲವನ್ನೇ ಹಿಂದಕ್ಕೆ ತಿರುಗಿಸಿ ಎಲ್ಲವನ್ನೂ ಅಳಿಸಿಬಿಡುತ್ತಿದ್ದರು. ನಾನು ಕಾನ್ವೆಂಟಿನಲ್ಲಿದ್ದಾಗ ಪ್ರಬಂಧದ ಕೊನೆಗೆ 'ಅಷ್ಟರಲ್ಲಿ ಎಚ್ಚರವಾಯಿತು' ಎಂದು ಬರೆದರೆ ನಮ್ಮ ಸಿಸ್ಟರ್ ಕೆಂಪು ಗೆರೆ ಎಳೆದು ಪುಟವನ್ನೇ ವಾಪಸ್ಸು ಕೊಡುತ್ತಿದ್ದರು. ಇವರಿಗೆ ಅಂಥ ಒಬ್ಬ ಸಿಸ್ಟರ್ ಸಿಗಲಿಲ್ಲವಲ್ಲ ಅನ್ನಿಸುತ್ತಿತ್ತು. ಮನೆ ನಡೆಸುವವಳಿಗೆ ನಿನ್ನೆ ಅನ್ನುವುದು ಅಷ್ಟು ಸುಲಭವಾಗಿ ಅಳಿಸಿಹೋಗುವುದಿಲ್ಲ. ನಿನ್ನೆ ನೆನೆಹಾಕದ ಕಾಳು ಇಂದು ಬೇಯುವುದಿಲ್ಲ.

ಇದನ್ನು ನಾನು ಇಷ್ಟು ಮನಸ್ಸಿಗೆ ಹಚ್ಚಿಕೊಂಡದ್ದಕ್ಕೆ ಕಾರಣವಿತ್ತು. ಆಗ ನಾನೂ ಒಂದು ರಾಕೆಟ್ಟು ನಡೆಸುತ್ತಿದ್ದೆ.

ಗುಂಡ್ಲುಪೇಟೆಯ ನಮ್ಮ ಬೀದಿಯ ಹೆಂಗಸರು ಸೇರಿ ಕಟ್ಟಿಕೊಂಡಿದ್ದ ಮಹಿಳಾ ಕೂಟದಲ್ಲಿ ವರ್ಷಕ್ಕೊಂದು ನಾಟಕ ಆಡುವ ರೂಢಿಯಿತ್ತು. ಕಾನ್ವೆಂಟಿನಲ್ಲಿ ಓದಿದವಳು ಎಂಬ ಕಾರಣಕ್ಕೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ದ್ರೌಪದಿ, ಸೀತೆ ಎಲ್ಲ ಆಗಿಹೋಗಿದ್ದರು. ನಾನು ಹೆಂಗಸರೇ ಹತ್ತಿ ಹೋಗುವ ರಾಕೆಟ್ಟಿನ ಕಥೆ ಬರೆದೆ. ಅರಿಶಿನ ಬೆಳೆಯಲು ಒಳ್ಳೆಯ ಮಣ್ಣು ಹುಡುಕಿಕೊಂಡು ಆಕಾಶಕ್ಕೆ ಹೊರಡುವ ಗುಂಪು ಅದು. ಫ್ರಿಜ್ಜು ಬಂದಿದ್ದ ರಟ್ಟಿನ ಪೆಟ್ಟಿಗೆಗಳಿಗೆ ಬೆಳ್ಳಿ ಕಾಗದ ಅಂಟಿಸಿದರೆ ರಾಕೆಟ್ಟು. ಬಿದಿರಿನ ಮಂಕರಿ ಬೋರಲು ಹಾಕಿಕೊಂಡರೆ ತಲೆಗೆ ಕವಚ. ರಾಕೆಟ್ಟಿನ ಒಡತಿ ಕ್ಯಾಪ್ಟನಮ್ಮನ ಪಾತ್ರ ನನ್ನ ಅತ್ತಿಗೆಯದು, ಯಜಮಾನರ ಅಕ್ಕನದು. ಬೇಗೂರಿಗೆ ಕೊಟ್ಟಿದ್ದ ಹೆಣ್ಣುಮಗಳು ಅವರು. ಹಸು, ಹೊಲ, ಆಳುಗಳ ಊಟ ಮುಗಿಸಿ ಬಸ್ಸು ಹತ್ತಿ ಪ್ರಾಕ್ಟೀಸಿಗೆ ಬರುತ್ತಿದ್ದರು. ಬಸ್ಸಿಳಿದು ನಮ್ಮ ಬೀದಿಗೆ ತಿರುಗುವಾಗಲೇ ಅವರ ನಡಿಗೆ ಬದಲಾಗುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎದೆಯೆತ್ತಿ, ದಾರಿಯಲ್ಲಿ ಸಿಕ್ಕ ನಾಯಿಗೂ ಆಜ್ಞೆ ಮಾಡುತ್ತಾ ಬರುತ್ತಿದ್ದರು. ವರ್ಷದಲ್ಲಿ ಅವರು ತಮಗಾಗಿ ಮಾಡುತ್ತಿದ್ದ ಕೆಲಸ ಅದೊಂದೇ.

ಎರಡನೆಯ ವರ್ಷದ ನಾಟಕದ ಕೊನೆಗೆ ಕ್ಯಾಪ್ಟನಮ್ಮ ಸಾಯುತ್ತಾಳೆ. ದುಷ್ಟ ರಾಣಿಯೊಬ್ಬಳು ಹಚ್ಚಿದ ಬೆಂಕಿಯಲ್ಲಿ ಗ್ರಹ ಉರಿಯುತ್ತಿರುತ್ತದೆ. ರಾಕೆಟ್ಟಿನ ಬಾಗಿಲನ್ನು ಹೊರಗಿನಿಂದಲೇ ಹಾಕಬೇಕು. ಹಾಕುವವರು ಅಲ್ಲೇ ಉಳಿಯಬೇಕು. ಆ ರಾಣಿಯನ್ನು ರಂಗದ ಮೇಲೆ ತಂದಿರಲಿಲ್ಲ, ಒಳಗಿನಿಂದ ನಗು ಮಾತ್ರ ಕೇಳಿಸಿದ್ದೆವು. ಅತ್ತಿಗೆ ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು, ನಿಧಾನವಾಗಿ ಕುಸಿದರು. ಸಭೆಯಲ್ಲಿ ಮೂಗು ಒರೆಸಿಕೊಳ್ಳುವ ಸದ್ದು. ಆಮೇಲೆ ಹಿಂದಿನ ಸಾಲಿನಿಂದ ಯಾರೋ ಕೂಗಿದರು:

"ಒನ್ಸ್ ಮೋರ್!"

ನಮ್ಮ ಕಡೆಯ ಪೌರಾಣಿಕ ನಾಟಕಗಳಲ್ಲಿ ಇದು ಮಾಮೂಲು. ಯುದ್ಧದಲ್ಲಿ ಸತ್ತು ಬಿದ್ದ ವೀರ ಜನ ಕೇಳಿದರೆ ಎದ್ದು, ಸಾಯುವ ಹಾಡನ್ನು ಮತ್ತೆ ಹಾಡಿ, ಮತ್ತೆ ಸಾಯುತ್ತಾನೆ. ಅತ್ತಿಗೆಯೂ ಎದ್ದರು. ಸೀರೆಯ ಧೂಳು ಕೊಡವಿದರು. ಬಾಗಿಲು ತೆರೆದು ಮತ್ತೆ ಹಾಕಿದರು. ಈ ಸಲ ಇನ್ನೂ ನಿಧಾನವಾಗಿ, ನಾನು ಬರೆಯದ ಎರಡು ಮಾತು ಸೇರಿಸಿ ಸತ್ತರು. ಪರದೆಯ ಪಕ್ಕ ನಿಂತು ಮಾತು ಎತ್ತಿಕೊಡುತ್ತಿದ್ದ ನನಗೆ ಮೊದಲು ನಾಚಿಕೆಯಾಯಿತು. ಆಮೇಲೆ ನೋಡಿದರೆ ಜನ ಮೊದಲಿಗಿಂತ ಹೆಚ್ಚು ಅಳುತ್ತಿದ್ದರು. ಅವರು ಕೇಳಿದ್ದು ಕ್ಯಾಪ್ಟನಮ್ಮ ಬದುಕಲಿ ಎಂದಲ್ಲ; ಅವಳು ಹೋದದ್ದನ್ನು ಇನ್ನೊಮ್ಮೆ ನೋಡಬೇಕು ಎಂದು. ಧಾರಾವಾಹಿಯವರು ಮಾಡುವುದು ಬೇರೆ. ಸತ್ತವನು ಸತ್ತೇ ಇಲ್ಲ ಅನ್ನುತ್ತಾರೆ. ನೀವು ಅತ್ತದ್ದು ದಂಡ ಅನ್ನುತ್ತಾರೆ.

ಮೂರನೆಯ ನಾಟಕದ ಮಾತು ಬಂದಾಗ ಕೂಟದಲ್ಲಿ ಎಲ್ಲರಿಗೂ ಕ್ಯಾಪ್ಟನಮ್ಮ ವಾಪಸ್ಸು ಬೇಕಾಗಿದ್ದಳು.

"ಅವಳಿ ತಂಗಿ ಇದ್ಲು ಅಂತ ಬರೀರಿ," ಎಂದರು ಒಬ್ಬರು.

"ಬೇಡ, ಯಾವುದೋ ಮೆಷಿನ್ನಲ್ಲಿ ಇನ್ನೊಬ್ಬಳನ್ನ ತಯಾರ್ ಮಾಡಿದ್ರು ಅನ್ನಿ. ಈಗ ಕುರಿಮರೀನೇ ಹಂಗೆ ಮಾಡ್ತಾರಂತಲ್ಲ," ಎಂದರು ಕಾರ್ಯದರ್ಶಿ, ಪಾಠ ಹೇಳಿ ನಿವೃತ್ತರಾದವರು.

ಅತ್ತಿಗೆ ಚಕ್ಕುಲಿ ಮುರಿಯುತ್ತಾ ನಕ್ಕರು. "ಅದೆಲ್ಲ ಯಾಕ್ ಕಣಮ್ಮಿ? ಬೆಂಕಿ ಆರೋಯ್ತು, ಮಳೆ ಬಂತು ಅಂತ ಒಂದ್ ಸಾಲು ಬರ್ದುಬುಡು. ನಾನು ಕೆಮ್ಕೊಂಡು ಎದ್ ಬತ್ತೀನಿ."

"ಅವಳು ಸತ್ತಾಗಿದೆ ಅತ್ತಿಗೆ."

"ಯಾರ್ ಸಾಯ್ಸಿದ್ದು? ನೀನ್ ತಾನೇ? ಸಾಯ್ಸಿದೋಳೇ ಬದುಕ್ಸು."

ಎಲ್ಲರೂ ನಕ್ಕರು. ನಾನು ಬದುಕಿಸುವುದಿಲ್ಲ ಎಂದೆ. ಮೆಲ್ಲಗೇ ಹೇಳಿದೆ, ಗಟ್ಟಿಯಾಗಿ ಮಾತಾಡುವುದು ನನಗೆ ಬರುವುದಿಲ್ಲ. ಆದರೆ ಇನ್ನೊಮ್ಮೆ ಕೇಳಿದಾಗಲೂ ಅದನ್ನೇ ಹೇಳಿದೆ. ಅವಳು ಬಾಗಿಲು ಹಾಕಿದ್ದರಿಂದಲೇ ಉಳಿದವರು ಬದುಕಿರುವುದು; ಅವಳು ಕೆಮ್ಮಿಕೊಂಡು ಎದ್ದು ಬಂದರೆ ಆ ಬಾಗಿಲಿಗೆ ಏನು ಅರ್ಥ? ಅತ್ತಿಗೆಯ ನಗು ನಿಂತಿತು. ಚಕ್ಕುಲಿಯ ಪುಡಿಯನ್ನು ಕೈಯಿಂದ ಕೊಡವಿ, "ಸರಿ ಬುಡು, ಇನ್ ನನ್ಗೇನು ಕೆಲ್ಸ ಇಲ್ಲಿ," ಎಂದು ಎದ್ದರು.

ಗೌರಿ ಹಬ್ಬಕ್ಕೆ ಅತ್ತಿಗೆ ಬಂದರು, ತವರಿನ ಬಾಗಿನ ತೆಗೆದುಕೊಂಡರು, ಒಬ್ಬಟ್ಟು ತಿಂದರು. ನಾಟಕದ ಮಾತೇ ಎತ್ತಲಿಲ್ಲ. ನನ್ನನ್ನು ಮಾತ್ರ "ನೀವು ಕುತ್ಕಳಿ, ನಾನೇ ಬಡಿಸ್ಕತೀನಿ" ಎಂದು ಬಹುವಚನದಲ್ಲಿ ದೂರ ಇಟ್ಟರು. ಯಜಮಾನರು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಒಂದು ಸಾಲಿಗೋಸ್ಕರ ಮನೆಮಗಳ ಮನಸ್ಸು ನೋಯಿಸ್ಬೇಕಾ? ನಾಟಕ ತಾನೇ?" ಎಂದರು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಅತ್ತಿಗೆಗೂ ಅದು ನಾಟಕ ತಾನೇ ಅನ್ನುವಷ್ಟು ಹಗುರವಾಗಿದ್ದರೆ ಅವರ ಮನಸ್ಸು ನೋಯುತ್ತಿರಲಿಲ್ಲ; ಅದನ್ನು ಇವರಿಗೆ ಹೇಗೆ ತಿಳಿಸುವುದೋ ಗೊತ್ತಾಗಲಿಲ್ಲ.

ಬರೆಯಲು ಕುಳಿತರೆ ಕೈ ಓಡುತ್ತಿರಲಿಲ್ಲ. ಸುಳ್ಳು ಬರೆಯಲಾರೆ; ಅತ್ತಿಗೆಯನ್ನು ಬಿಟ್ಟು ಆಡಿಸಲೂ ಆರೆ. ಒಂದು ಮಧ್ಯಾಹ್ನ ಧಾರಾವಾಹಿಯಲ್ಲಿ ಮತ್ತೆ ಯಾರೋ ಸತ್ತವನು ಬಾಗಿಲು ತಳ್ಳಿಕೊಂಡು ಬಂದ. ಟಿವಿ ಆರಿಸಿದೆ. ಕ್ಯಾಪ್ಟನಮ್ಮ ಬೇರೆ, ಅತ್ತಿಗೆ ಬೇರೆ. ಸತ್ತವಳು ಅವಳು. ಇವರನ್ನು ಯಾಕೆ ಮನೆಯಲ್ಲಿ ಕೂರಿಸಬೇಕು?

ಅವರೆಕಾಯಿಯ ಕಾಲದಲ್ಲಿ ಬೇಗೂರಿಗೆ ಹೋದೆ. ಅತ್ತಿಗೆ ಜಗುಲಿಯ ಮೇಲೆ ನೆನೆದ ಅವರೆಕಾಳು ಹಿಸುಕುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ಕೈ ಹಾಕಿದೆ. ಕಾಳಿನ ಸಿಪ್ಪೆ ಇಬ್ಬರ ನಡುವೆ ಗುಡ್ಡೆಯಾಗುತ್ತಿತ್ತು.

"ಒಂದು ಪಾತ್ರ ಇದೆ," ಎಂದೆ. "ಬೆಂಕಿ ಹಚ್ಚಿದ ರಾಣಿ."

"ಆ ಲೌಡಿಯಾ?" ಅವರ ಕೈ ನಿಂತಿತು. "ಕ್ಯಾಪ್ಟನಮ್ಮನ್ನ ಕೊಂದೋಳ್ನ ನಾನು ಆಡ್ಲಾ? ನಿಮ್ಗೇನ್ ಬುದ್ದಿಗಿದ್ದಿ ನೆಟ್ಗದಾ?"

"ನಿಮ್ಮ ಬಿಟ್ರೆ ಬೇರೆ ಯಾರಿಗೂ ಆಗಲ್ಲ."

"ಮೊಕ ಅದೇ ಅಲ್ವಾ? ನಾನ್ ಬಂದೇಟ್ಗೆ ಕ್ಯಾಪ್ಟನಮ್ಮ ಬಂದ್ಲು ಅಂತ ಸೀಟಿ ಒಡೀತಾರೆ."

"ಹೊಡೀಲಿ. ಆಮೇಲೆ ಅವರ ಬಾಯಿ ಮುಚ್ಚಿಸೋದು ನಿಮ್ಮ ಕೆಲಸ. ನಾನು ಬರೀಬಲ್ಲೆ, ಅದನ್ನ ಮಾಡಲಾರೆ."

ಒಳಗೆ ಹಸು ಕೂಗಿತು, ಅವರು ಗಮನಿಸಲಿಲ್ಲ. ಆಮೇಲೆ ಒಂದು ಕಾಳನ್ನು ಎರಡು ಬೆರಳಲ್ಲಿ ಹಿಸುಕಿ, ಅದು ಚಿಮ್ಮಿ ಅಂಗಳಕ್ಕೆ ಬಿದ್ದಾಗ ಕೇಳಿದರು: "ಆ ಯಮ್ಮ ನಗದು ಎಂಗೆ? ಒಳ್ಗೊಳ್ಗೇನಾ, ಬಾಯ್ಬುಟ್ಟಾ?"

ನಾಟಕ ನಡೆದದ್ದು ಒಂದು ಭಾನುವಾರದ ಮಧ್ಯಾಹ್ನ, ಕಲ್ಯಾಣಮಂಟಪದಲ್ಲಿ. ಅತ್ತಿಗೆ ರಂಗಕ್ಕೆ ಬಂದ ಕೂಡಲೇ ಅವರು ಹೇಳಿದಂತೆಯೇ ಆಯಿತು. ಸೀಟಿ, ಚಪ್ಪಾಳೆ, "ಬಂದ್ಲು ಕಣ್ರೋ ಕ್ಯಾಪ್ಟನಮ್ಮ, ನಾನ್ ಯೋಳ್ನಿಲ್ವಾ!" ಪಕ್ಕದಲ್ಲಿ ನಿಂತಿದ್ದ ಕಾರ್ಯದರ್ಶಿ, "ನೋಡಿದ್ರಾ?" ಎಂಬಂತೆ ನನ್ನ ಕಡೆ ತಿರುಗಿದರು.

ಅತ್ತಿಗೆ ಆತುರಪಡಲಿಲ್ಲ. ಎಲೆ ಅಡಿಕೆ ಜಗಿಯುತ್ತಾ, ಸಭೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ, ಸಂತೆಯಲ್ಲಿ ಕೊಳೆತ ತರಕಾರಿ ನೋಡುವ ಹಾಗೆ ನೋಡಿದರು. ಭುಜ ಕುಗ್ಗಿತ್ತು, ಕತ್ತು ಮುಂದೆ ಬಂದಿತ್ತು, ಒಂದು ಕಾಲು ಸ್ವಲ್ಪ ಎಳೆಯುತ್ತಿತ್ತು. ಸೀಟಿ ಬಂದ ಕಡೆಗೇ ತಿರುಗಿ, ತಾಂಬೂಲದ ಪೀಕದಾನಿ ಎತ್ತಿ, ಉಗಿದರು. ಆಮೇಲೆ ನಕ್ಕರು, ಒಳಗೊಳಗೇ. ಮುಂದಿನ ಸಾಲಿನ ಒಂದು ಕೂಸು ಅಮ್ಮನ ಮಡಿಲಿಗೆ ಮುಖ ಹುದುಗಿಸಿತು. ಎಷ್ಟೋ ದಿನ ಪ್ರಾಕ್ಟೀಸಿನಲ್ಲಿ ನೋಡಿದ್ದ ನನಗೇ ಅವರು ನಮ್ಮ ಮನೆಯ ಹೆಣ್ಣುಮಗಳು ಎಂಬುದು ಮರೆತುಹೋಯಿತು.

ಕೊನೆಯ ದೃಶ್ಯದಲ್ಲಿ ರಾಕೆಟ್ಟಿನ ಹುಡುಗಿಯರಲ್ಲಿ ಒಬ್ಬಳು ರಾಣಿಯ ಎದುರು ನಿಂತು, ನೀನು ಹಚ್ಚಿದ ಬೆಂಕಿಯಲ್ಲಿ ನಮ್ಮ ಕ್ಯಾಪ್ಟನಮ್ಮ ಹೋದಳು ಎನ್ನುತ್ತಾಳೆ. ರಾಣಿ, "ಯಾರು? ನೆನಪಿಲ್ಲ," ಎಂದು ಅಡಿಕೆ ಕತ್ತರಿಸುತ್ತಾಳೆ. ಆ ಮಾತು ಬಾಯಿಂದ ಬಿದ್ದದ್ದೇ ತಡ, ಸಭೆಯ ನಡುವಿನಿಂದ ವಯಸ್ಸಾದ ಹೆಂಗಸೊಬ್ಬರು ಎದ್ದು ನಿಂತರು. ಕೈಯಲ್ಲಿ ಪುರಿಯ ಪೊಟ್ಟಣ.

"ನೆಪ್ಪಿಲ್ವಾ? ಥೂ ಪಾಪಿ! ಇವತ್ತು ಆ ಯಮ್ಮ ಬದುಕಿದ್ದಿದ್ರೆ ನಿನ್ ಜುಟ್ಟಿಡ್ಕಂಡು ಎಳ್ದಾಡ್ಬುಡೋಳು ಕಣೇ!"

ಕಾರ್ಯದರ್ಶಿ ಬಾಯಿಗೆ ಸೆರಗು ಅಡ್ಡ ಹಿಡಿದರು. ರಂಗದ ಮೇಲೆ ಅತ್ತಿಗೆ ಆ ಹೆಂಗಸನ್ನೇ ನೋಡುತ್ತಾ, ಅಡಿಕೆ ಕತ್ತರಿಯನ್ನು ಮತ್ತೊಂದು ಸಲ ಕಟ್ ಎನ್ನಿಸಿದರು.

ನಾಟಕ ಮುಗಿದ ಮೇಲೆ ಮುಖದ ಬಣ್ಣ ತೆಗೆಯಲು ಕೊಬ್ಬರಿ ಎಣ್ಣೆ, ಹತ್ತಿ ತಂದುಕೊಟ್ಟೆ. ಬೇಗೂರಿನ ಬಸ್ಸಿಗೆ ಹೊತ್ತಾಯಿತು ಎಂದು ಅವರು ತುಟಿಯ ಕೆಂಪು ಮಾತ್ರ ಒರೆಸಿಕೊಂಡರು. ಕಾಡಿಗೆಯಲ್ಲಿ ಎಳೆದಿದ್ದ ಗಡುಸು ಹುಬ್ಬು ಹಾಗೆಯೇ ಉಳಿಯಿತು. ನಾನು ಹತ್ತಿಸಲು ಹೋದಾಗ ಬಸ್ಸು ತುಂಬಿತ್ತು, ನಾಟಕ ನೋಡಿ ಊರಿಗೆ ಹೊರಟಿದ್ದವರೂ ಅದರಲ್ಲಿದ್ದರು. ಅತ್ತಿಗೆ ಮೆಟ್ಟಿಲು ಹತ್ತಿದಾಗ ಕಿಟಕಿಯ ಪಕ್ಕ ಕೂತಿದ್ದ ಹುಡುಗಿ ಹೆದರಿದಂತೆ ಮೆಲ್ಲಗೆ ಎದ್ದು ಜಾಗ ಬಿಟ್ಟಳು. ಅವರು ಕೂತರು. ಬಸ್ಸು ಹೊರಡುವವರೆಗೂ ನನ್ನ ಕಡೆ ತಿರುಗಲೇ ಇಲ್ಲ. ರಾಣಿಯಂತೆಯೇ ಕತ್ತು ಮುಂದೆ ಚಾಚಿ, ಹುಬ್ಬು ಗಂಟಿಕ್ಕಿ, ಎದುರಿನ ರಸ್ತೆಯನ್ನು ದಿಟ್ಟಿಸುತ್ತಾ ಕುಳಿತಿದ್ದರು.