ಎರಡನೇ ಕರೆಗೆ ಕಾದ ಕೊಪ್ಪಲು

ಮಹದೇವಮ್ಮನವರನ್ನು ನಾನು ಮೊದಲು ಕಂಡಾಗ ಅವರು ಸ್ಟೂಲ್ ಹತ್ತಿ ಅಂಗನವಾಡಿಯ ಗೋಡೆಗೆ ಹಳೇ ಪೇಪರ್ ಅಂಟಿಸುತ್ತಿದ್ದರು. ಮರುದಿನ ಲೋಕಸಭೆಯ ಮತದಾನ. ಚುನಾವಣಾ ಚಿಹ್ನೆಯಂತೆ ಕಾಣುವ ಯಾವ ಚಿತ್ರವೂ ಮತಗಟ್ಟೆಯಲ್ಲಿರಬಾರದೆಂದು ಆದೇಶ. ಆನೆ ಹೋಯಿತು, ಕಮಲ ಹೋಯಿತು, ಗಡಿಯಾರ, ಬಸ್ಸು, ಛತ್ರಿಯೂ ಹೋದವು. ಮಕ್ಕಳ ಅಕ್ಷರಮಾಲೆಯಲ್ಲಿ ಕೊನೆಗೆ ಉಳಿದದ್ದು ಋಷಿ ಒಬ್ಬರೇ.

ನಾನು ನಂಜನಗೂಡಿನ ಹೈಸ್ಕೂಲ್ ಮೇಷ್ಟ್ರು. ಆ ಸಲ ಬನ್ನೂರು ಕಡೆಯ ಈ ಪುಟ್ಟ ಕೊಪ್ಪಲಿನ ಬೂತಿಗೆ ನನ್ನನ್ನು ಹಾಕಿದ್ದರು. ಮತದಾರರ ಬೆರಳಿಗೆ ಶಾಯಿ ಹಚ್ಚುವುದು ನನ್ನ ಕೆಲಸ. ಇಪ್ಪತ್ತು ವರ್ಷ ಪಾಠ ಮಾಡಿದವನಿಗೆ ಇಲಾಖೆಯವರು ಕೊನೆಗೂ ಯೋಗ್ಯತೆ ನೋಡಿಯೇ ಕೆಲಸ ಕೊಟ್ಟಿದ್ದರು.

ಬಿಳಿಗೆರೆ ಹೋಬಳಿಯಲ್ಲಿ ಹುಟ್ಟಿ ಈ ಕೊಪ್ಪಲಿಗೆ ಸೊಸೆಯಾಗಿ ಬಂದ ಮಹದೇವಮ್ಮ ಊರಿಗೆಲ್ಲ ‘ಮಿಸ್ಸಮ್ಮ’. ಮಕ್ಕಳಿಗೆ ಮೊಟ್ಟೆ ಬೇಯಿಸುವವರು ಅವರು, ಪೋಲಿಯೊ ಹನಿ ಹಾಕಿಸುವವರು ಅವರು, ಬಸುರಿಯರ ತೂಕ ನೋಡುವವರು ಅವರು. ಸರ್ಕಾರಕ್ಕೆ ಯಾವುದೇ ಲೆಕ್ಕ ಬೇಕಾದರೂ ಮೊದಲು ನೆನಪಾಗುವುದು ಅವರೇ. ಜೊತೆಗೆ ಬೂತ್ ಮಟ್ಟದ ಅಧಿಕಾರಿ. ‘ಅಧಿಕಾರಿ’ ಎಂಬುದು ಕಾಗದದಲ್ಲಿ ಮಾತ್ರ. ಅಧಿಕಾರ ಎಲ್ಲಿದೆಯೋ ಅವರಿಗೂ ತಿಳಿಯದು.

ಹಿಂದೆ ಕೊಪ್ಪಲಿನವರು ವೋಟು ಹಾಕಲು ನಾಲೆ ಆಚೆಯ ಊರಿಗೆ ನಡೆಯಬೇಕಿತ್ತು. ಮುದುಕರು ಹೋಗುತ್ತಲೇ ಇರಲಿಲ್ಲ. ಮಹದೇವಮ್ಮ ಅರ್ಜಿ ಹಿಡಿದು ತಿ. ನರಸೀಪುರಕ್ಕೆ ಅಲೆದು ಅಲೆದು ಕೊಪ್ಪಲಿಗೇ ಒಂದು ಬೂತು ತಂದರು. ಬೂತು ಬಂತು, ಜನ ಮಾತ್ರ ಬರಲಿಲ್ಲ. ಹೋದ ಸಲ ತಾಲ್ಲೂಕಿಗೇ ಕಡಿಮೆ ಮತದಾನ ಇಲ್ಲಿಯೇ. ಈ ಸಲವೂ ಹಾಗಾದರೆ ಬೂತು ನಾಲೆ ಆಚೆಗೇ ವಾಪಸ್ ಎಂದು, ಸುತ್ತಲಿನ ಬೂತುಗಳ ಉಸ್ತುವಾರಿಯ ಸೆಕ್ಟರ್ ಅಧಿಕಾರಿ ಖಂಡಿತವಾಗಿ ಹೇಳಿದ್ದರು.

“ಜಾಥಾ ಮಾಡುದ್ವಿ, ರಂಗೋಲಿ ಬುಟ್ವಿ, ಕೈಯೆತ್ತಿ ಆಣೆ ಮಾಡುಸುದ್ವಿ. ಜನ ನಿಂತು ನೋಡ್ಕಂಡು ಓಯ್ತಾರೆ ಸಾ,” ಎಂದರು ಮಹದೇವಮ್ಮ, ಅಂಟು ಒರೆಸಿಕೊಳ್ಳುತ್ತ. “ಅದ್ಕೆ ಈ ಸಲ ಮನೆಮನೆಗೋಗಿ ಅರಿಸ್ನ ಕುಂಕುಮ ಕೊಟ್ಟು, ಮದ್ವೆಗೆ ಕರ್ದಂಗೆ ಕರ್ದಿವ್ನಿ. ನಮ್ಮ ಜನ ಇನ್ಯಾವ್ದಕ್ಕೂ ಬಗ್ಗಲ್ಲ, ಮರ್ಯಾದೆ ಕೊಟ್ಟು ಕರುದ್ರೆ ಬತ್ತಾರೆ.”

ನಾನು ತಲೆದೂಗಿದೆ. ಜಾಗೃತಿ ಘೋಷಣೆ ಬರೆದುಕೊಡಿ ಎಂದು ಇಲಾಖೆಯವರು ನನಗೂ ಹೇಳಿದ್ದರು; ನಾನು ಬರೆದದ್ದನ್ನು ನನ್ನ ಹೆಂಡತಿಯೇ ಪೂರ್ತಿ ಓದಿರಲಿಲ್ಲ. ಅದರ ಮುಂದೆ ಕುಂಕುಮದ ಬಟ್ಟಲು ಎಷ್ಟೋ ಮೇಲು.

ಮರುದಿನ ಬೆಳಿಗ್ಗೆ ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರು, ಡೇರಿಗೆ ಹಾಲು ಹಾಕಿ ಬಂದ ಕೆಲವರು ವೋಟು ಹಾಕಿ ಹೋದರು. ಮಹದೇವಮ್ಮನೂ ಹಾಕಿದರು. ಆಮೇಲೆ ಯಾರೂ ಇಲ್ಲ. ಮಹದೇವಮ್ಮ ಹೊರಗೆ ಶಾಮಿಯಾನದ ಕೆಳಗೆ ಕುಳಿತು ಬೀದಿ ನೋಡುತ್ತಿದ್ದರು. ಜಾಗ ಬಿಟ್ಟು ಕದಲಕೂಡದು, ಫೋನ್ ಮುಟ್ಟಕೂಡದು ಎಂದು ಅಪ್ಪಣೆಯಾಗಿತ್ತು. ನಾನು ಒಳಗೆ ಶಾಯಿ ಕಡ್ಡಿ ಹಿಡಿದು ಋಷಿಯನ್ನು ನೋಡುತ್ತಿದ್ದೆ. ಪಾರ್ಟಿಯವರೂ ಜನರನ್ನು ಕರೆತರಲಿಲ್ಲ. ಸರ್ಕಾರವೇ ಕುಂಕುಮ ಕೊಟ್ಟು ಕರೆದಿರುವಾಗ ನಾವ್ಯಾಕೆ ಆಟೋ ಬಿಡಬೇಕು ಎಂದು ಎರಡೂ ಕಡೆಯವರು ನೆಮ್ಮದಿಯಾಗಿದ್ದರು.

ಮಧ್ಯಾಹ್ನ ಎಮ್ಮೆ ಹೊಡೆದುಕೊಂಡು ಬಂದ ಮಾದು ಶಾಮಿಯಾನದ ಹತ್ತಿರ ನಿಂತ. ನಾನು ನೀರು ಕುಡಿಯಲು ಬಾಗಿಲಿಗೆ ಬಂದಿದ್ದೆ.

“ಏನ್ ಮಿಸ್ಸಮ್ಮ, ಇಲ್ಲೇ ಕುಂತಿದ್ದೀಯಲ್ಲ! ಎಲ್ರೂ ಸ್ನಾನ ಮಾಡಿ, ಒಳ್ಳೆ ಸೀರೆ ಉಟ್ಕಂಡು ಜಗ್ಲಿ ಮೇಲೆ ಕಾಯ್ತಾವ್ರೆ. ಚನ್ನಾಜಮ್ಮ ಅಂತೂ ಹೂ ಮುಡ್ಕಂಡು ಕುಂತು ಹೂವೇ ಬಾಡೋಯ್ತು.”

“ಕಾಯದ್ಯಾಕೋ? ಬರಕೇನು?”

“ನೀನು ಎರಡ್ನೇ ಕರೆ ಕರೀನಿಲ್ವಲ್ಲ!”

ಮಹದೇವಮ್ಮ ಹಣೆ ಹಿಡಿದುಕೊಂಡರು. ನಮ್ಮ ಕಡೆ ಊಟಕ್ಕೆ ಒಂದು ಸಲ ಕರೆದರೆ ಮುಗಿಯಲಿಲ್ಲ. ಮೊದಲು ಕುಂಕುಮ ಕೊಟ್ಟು ಹೇಳಬೇಕು. ಆ ದಿನ ಎಲೆ ಹಾಕಿದ ಮೇಲೆ ಮನೆಯವರೇ ಮತ್ತೆ ಬಂದು ‘ಏಳ್ರಪ್ಪ, ಎಲೆ ಆಕೈತೆ’ ಎನ್ನಬೇಕು. ಅದಕ್ಕೆ ಮುಂಚೆ ಎದ್ದು ಹೋದವರು ಹೊಟ್ಟೆಬಾಕರು. ಇದು ಮಹದೇವಮ್ಮನಿಗೆ ಗೊತ್ತಿಲ್ಲದ್ದಲ್ಲ, ನನಗೂ ಗೊತ್ತಿಲ್ಲದ್ದಲ್ಲ. ಆದರೆ ಇದು ಸರ್ಕಾರದ ಕೆಲಸವಲ್ಲವೇ ಎಂದುಕೊಂಡು ಇಬ್ಬರೂ ಮೈಮರೆತಿದ್ದೆವು.

“ಮಾದು, ನೀನೇ ಒಂದು ಸುತ್ತು ಕೂಗ್ಬಿಟ್ಟು ಬಾರಪ್ಪ,” ಎಂದೆ ನಾನು.

“ನಾನ್ ಕರುದ್ರೆ ಆದೀತಾ ಸಾ? ಕುಂಕುಮ ಕೊಟ್ಟೋರೇ ಬರ್ಬೇಕು. ನಾನು ಒಂದ್ ಪಾರ್ಟಿಯೋನು ಬೇರೆ. ನಾನ್ ಕರುದ್ರೆ ಆ ಬೀದಿಯೋರು ಬಾಗ್ಲು ಆಕ್ಕತಾರೆ.” ಎಮ್ಮೆ ಮುಂದೆ ಹೋಯಿತು, ಅದರ ಹಿಂದೆ ಮಾದು.

ಅಷ್ಟರಲ್ಲಿ ಸೆಕ್ಟರ್ ಅಧಿಕಾರಿಯ ಜೀಪು ಬಂತು. ಮಹದೇವಮ್ಮ ಓಡಿ ಹೋಗಿ ಕೈಮುಗಿದರು.

“ಒಂದ್ ಗಳಿಗೆ ಬುಡಿ ಸಾ, ಕರ್ಕಬತ್ತೀನಿ.”

“ಮತದಾನದ ದಿನ ಮನೆಮನೆಗೆ ಹೋಗೋದಾ? ಪ್ರಚಾರ ಮಾಡಿದ್ರು ಅಂತ ಯಾರಾದ್ರೂ ದೂರು ಕೊಟ್ರೆ ನಿಮ್ಮ ಕೆಲಸಾನೂ ಹೋಗುತ್ತೆ, ನಂದೂ ಹೋಗುತ್ತೆ. ಕೂತ್ಕೊಳ್ಳಿ.”

ಮಹದೇವಮ್ಮ ಕುಳಿತರು. ನಾನೂ ಒಳಗೆ ಹೋಗಿ ಕುಳಿತೆ. ಎದ್ದು ಬೀದಿಗೆ ಹೋಗಿ ಕೂಗಲೇ ಎಂಬ ಶೌರ್ಯ ನನ್ನಲ್ಲಿ ಒಂದೆರಡು ಸಲ ಎದ್ದಿತು. ಸಸ್ಪೆನ್ಷನ್ ನೆನಪಾದೊಡನೆ ತಾನಾಗಿ ಮಲಗಿತು.

ಬಿಸಿಲು ಇಳಿಯಿತು. ಮತದಾನ ಶೇಕಡಾ ಎಷ್ಟಾಯಿತೆಂದು, ಮತ್ತೆ ಬಂದು ನಿಂತಿದ್ದ ಸೆಕ್ಟರ್ ಅಧಿಕಾರಿಗೆ ತಾಲ್ಲೂಕಿನಿಂದ ಮೇಲಿಂದ ಮೇಲೆ ಫೋನು. ಮತದಾನ ಮುಗಿಯುವ ಆರು ಗಂಟೆ ಹತ್ತಿರವಾದಾಗ ಅವರ ಬೆವರು ಕಾಲರಿಗೆ ಇಳಿಯಿತು.

“ರೀ ಮಹದೇವಮ್ಮ, ಇನ್ನೂ ಏನು ಕೂತಿದ್ದೀರಿ? ಹೋಗಿ, ಕರೀರಿ!”

ಮಹದೇವಮ್ಮ ಓಡಿದರು. ಅಂಗನವಾಡಿ ಮಕ್ಕಳ ಹಿಂದೆ ಓಡಿ ಅಭ್ಯಾಸವಿದ್ದ ಕಾಲು. ಬಾಗಿಲು ಬಾಗಿಲಲ್ಲಿ “ಏಳಿ, ಬನ್ನಿ” ಎಂದು ಕೂಗುತ್ತಿದ್ದದ್ದು ಬೂತಿನವರೆಗೂ ಕೇಳಿಸುತ್ತಿತ್ತು.

ಕೊಪ್ಪಲು ಎದ್ದಿತು. ನಾನು ಬಾಗಿಲಿಗೆ ಬಂದು ನೋಡಿದೆ. ಆಹಾ, ಏನು ಬರುವಿಕೆ! ಮುಂದೆ ಯಜಮಾನ ಚಾಮಯ್ಯ. ಅವರು ಮುಂದೆ ಇಲ್ಲದೆ ಯಾರೂ ಹೆಜ್ಜೆ ಇಡುವಂತಿಲ್ಲ. ಚಾಮಯ್ಯನವರ ಮಂಡಿನೋವು ಊರಿಗೆಲ್ಲ ಗೊತ್ತು. ಹಿಂದೆ ಗಂಡಸರು, ಅವರ ಹಿಂದೆ ಹೆಂಗಸರು, ಎಲ್ಲರೂ ಸಾವಕಾಶವಾಗಿ.

“ಬಿರ್ರನೆ ಬನ್ನಿ, ಓಡ್ಬನ್ನಿ!” ಎಂದು ಮಹದೇವಮ್ಮ ಅಂಗಲಾಚುತ್ತಿದ್ದರು.

“ಅದ್ಯಾಕವ್ವ ಓಡ್ಬೇಕು? ಕರ್ದಿಲ್ವಾ ನೀನು?” ಎಂದರು ಚಾಮಯ್ಯ. “ಓಡೋಗಿ ಎಲೆ ಮುಂದೆ ಕುಂತ್ಕಳಕೆ ನಾವೇನ್ ಗತಿಗೆಟ್ಟೋರಾ?”

ಆರು ಹೊಡೆಯಿತು. ಆ ಹೊತ್ತಿಗೆ ಗೇಟಿನೊಳಗೆ ಇದ್ದವರಿಗೆ ಮಾತ್ರ ಚೀಟಿ ಕೊಟ್ಟು ವೋಟು ಹಾಕಿಸಬೇಕು, ಹೊರಗಿನವರಿಗಿಲ್ಲ. ಗೇಟಿನೊಳಗೆ ಇದ್ದದ್ದು ಓಡೋಡಿ ಮುಂದೆ ಬಂದಿದ್ದ ಮಹದೇವಮ್ಮ ಒಬ್ಬರೇ. ಪೊಲೀಸಿನವನು ಗೇಟು ಹಾಕಿದ.

ಚನ್ನಾಜಮ್ಮ ಗೇಟಿನ ಸರಳು ಹಿಡಿದು ನಿಂತರು. ಮಹದೇವಮ್ಮನ ಗಂಡನ ಸೋದರತ್ತೆ ಅವರು.

“ಕರ್ದು ಬಾಗ್ಲಾಕ್ದಲ್ಲೇ,” ಎಂದರು, ಮೆಲ್ಲಗೆ. “ನನ್ನ ಜೀವಮಾನದಾಗೆ ಯಾರೂ ಇಂಗೆ ಮಾಡಿರ್ನಿಲ್ಲ ಕನವ್ವ.”

“ಅತ್ತೆ, ನಾನಲ್ಲ ಕನತ್ತೆ, ಟೈಮು...”

ಚನ್ನಾಜಮ್ಮ ಆಗಲೇ ತಿರುಗಿದ್ದರು. ಮೆರವಣಿಗೆ ಬಂದ ನಿಧಾನದಲ್ಲೇ ವಾಪಸ್ ಹೋಯಿತು. ಒಳಗೆ ಮೆಷಿನ್ನಿಗೆ ಅರಗು ಹಾಕುವಾಗ ನನ್ನ ಶಾಯಿ ಬಾಟಲು ಮುಕ್ಕಾಲು ಪಾಲು ಉಳಿದಿತ್ತು.

ತಿಂಗಳುಗಳಾದ ಮೇಲೆ ಮಹದೇವಮ್ಮ ಫೋನ್ ಮಾಡಿದರು. ಬೂತು ನಾಲೆ ಆಚೆಗೆ ಹೋಯಿತಂತೆ. ಊರಿನವರು ಸರ್ಕಾರದ ಮೇಲೆ ಸಿಟ್ಟಾಗಿಲ್ಲ, ಇವರ ಮೇಲೆ ಆಗಿದ್ದಾರೆ. ಚಾಮಯ್ಯನವರ ಮೊಮ್ಮಗಳ ನಾಮಕರಣಕ್ಕೆ ಇವರನ್ನು ಬಿಟ್ಟು ಊರಿಗೆಲ್ಲ ಕುಂಕುಮ ಹೋಗಿದೆ.

“ಈಗ ಬೂತು ನಾಲೆ ಆಚ್ಗೆ ಓದುದ್ನ ಮನೆಮನೆಗೂ ನಾನೇ ತಿಳಿಸ್ಬೇಕಂತೆ ಸಾ. ಬಾಗ್ಲಿಗೋದ್ರೆ ಯಾರೂ ಮಾತಾಡ್ಸಲ್ಲ. ಎಂಗೇಳ್ಲಿ? ನೀವು ಬರೆಯೋರು, ಏನಾರ ಒಂದ್ ಮಾತು ಏಳ್ಕೊಡಿ.”

ನಾನು ಪೆನ್ನು ತೆಗೆದು ‘ಮಾನ್ಯ ಮತದಾರರೇ’ ಎಂದು ಬರೆದೆ, ಹೊಡೆದುಹಾಕಿದೆ. ಆಕೆ ಫೋನ್ ಇಡದೆ ಕಾಯುತ್ತಲೇ ಇದ್ದರು.