ಹೊರಕ್ಕೆ ಹೋಗುವ ಮಾಲು

ಹೊಂಗಡಹಳ್ಳದಲ್ಲಿ ನಮ್ಮ ನೆರೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಕಾಫಿ ಬೀಜವನ್ನು ಹೆಬ್ಬೆರಳಲ್ಲಿ ಹೊರಳಿಸಿ, ನ್ಯಾಯಾಧೀಶರಂತೆ ತೀರ್ಪು ಕೊಡುತ್ತಿದ್ದರು. ಚೆನ್ನಾಗಿದ್ದದ್ದು "ಹೊರಕ್ಕೆ", ಒಡೆದದ್ದು "ನಮಗೆ". ಜೀವಮಾನವಿಡೀ ಒಡಕು ಬೀಜದ ಕಾಫಿಯನ್ನೇ ಕುಡಿದ ಅವರಿಗೆ, ಒಳ್ಳೆಯದೇನೂ ದೇಶದಲ್ಲಿ ಉಳಿಯುವುದಿಲ್ಲ ಎಂಬುದು ವೇದವಾಕ್ಯವಾಗಿತ್ತು.

ಕೊರೊನಾ ಲಸಿಕೆ ಬಂದಾಗಲೂ ಅದೇ ತೀರ್ಪು. "ಇಲ್ಲೇ ಮಾಡಿ ಇಲ್ಲೇ ಹಂಚ್ತಾವ್ರೆ ಅಂದ್ರೆ ಒಡಕು ಮಾಲೇ ಕಣ್ರೀ. ಫಾರಿನ್ದು ಬರ್ಲಿ, ನೋಡನ."

ಉಬ್ಬಸದಿಂದ ನರಳುತ್ತಿದ್ದ ಹೆಂಡತಿ, "ನೀವು ಹಾಕಿಸ್ಕೊಳ್ದೆ ನಾನೂ ಹಾಕಿಸ್ಕೊಳ್ಳಲ್ಲ" ಎಂದು ಕೂತುಬಿಟ್ಟರು. ಆಕೆಯ ಏದುಸಿರು ಕೇಳಿಸಿದಾಗಲೆಲ್ಲ ರೈಟರ ಹೆಬ್ಬೆರಳು ಬೀಜವಿಲ್ಲದೆಯೇ ಹೊರಳುತ್ತಿತ್ತು.

ಒಂದು ಬೆಳಿಗ್ಗೆ ಆಕೆ ಮನೆಯ ಮೆಟ್ಟಿಲಲ್ಲೇ ಕುಸಿದು ಕೂತರು. ಆ ವಾರ ಕಾಫಿ ಸ್ಟೋರಿನ ಜಗಲಿಗೆ ಲಸಿಕೆ ಹಾಕಲು ಬಂದ ನರ್ಸಮ್ಮನ ಮುಂದೆ ಗಂಡ ಹೆಂಡತಿ ಇಬ್ಬರೂ ನಿಂತಿದ್ದರು. ರೈಟರು ಲಸಿಕೆಯ ಸೀಸೆಯನ್ನು ಬೆಳಕಿಗೆ ಹಿಡಿಸಿ ನೋಡಿದರು.

"ಇದು ಹೊರಕ್ಕೂ ಹೋಗ್ತೈತಾ?"

"ವಿಮಾನದಾಗೆ ಎಲ್ಲೆಲ್ಲಿಗೋ ಹೋಗ್ತೈತೆ ರೈಟ್ರೇ."

ರೈಟರು ಗಂಭೀರವಾಗಿ ಅಂಗಿಯ ತೋಳು ಮಡಚಿದರು.

"ಹಂಗಾದ್ರೆ ಮಿಕ್ಕಿದ್ದು ವಿಮಾನ ಹತ್ತೋದ್ರೊಳಗೆ ನಮ್ಮಿಬ್ರಿಗೂ ಚುಚ್ಚಿಬುಡವ್ವ."