ಕೊಬ್ಬಿನ ಕೋಶದ ಬಾಗಿಲು

ಸಾಗರದಲ್ಲಿ ಬಿ.ಎಸ್ಸಿ. ಓದುವಾಗ ನಾನು ತುಂಬಾ ದಪ್ಪ ಇದ್ದೆ. ಜೀವಕೋಶದ ಪೊರೆಯಲ್ಲಿ ಸೋಡಿಯಂ, ಪೊಟ್ಯಾಶಿಯಂ ಅಯಾನುಗಳು ಓಡಾಡಲು ಸಣ್ಣ ಬಾಗಿಲುಗಳಿವೆ, ಕೊಬ್ಬಿನ ಕೋಶಕ್ಕೂ ಇವೆ ಎಂದು ಪ್ರಾಣಿಶಾಸ್ತ್ರದ ಮೇಡಂ ಒಂದು ದಿನ ಪಾಠ ಮಾಡಿದರು. ಸೋಡಿಯಂ ಅಂದರೆ ಉಪ್ಪು, ಅಷ್ಟು ನನಗೂ ಗೊತ್ತಿತ್ತು. ಉಪ್ಪು ಬಿಟ್ಟರೆ ಆ ಬಾಗಿಲು ಮುಚ್ಚಿ ಕೊಬ್ಬು ಬೆಳೆಯುವುದು ನಿಲ್ಲುತ್ತದೆ ಎಂದುಕೊಂಡೆ. ಅವತ್ತಿನಿಂದ ಮೂರು ತಿಂಗಳು ಸಪ್ಪೆ ಗಂಜಿ ಕುಡಿದೆ, ಉಪ್ಪಿನಕಾಯಿ ಮುಟ್ಟಲಿಲ್ಲ. ಮೈ ಒಂದಿಷ್ಟೂ ಇಳಿಯಲಿಲ್ಲ. ಕೊನೆಗೆ ಮೇಡಂ ಹತ್ತಿರವೇ ಹೋಗಿ ಹೇಳಿಕೊಂಡೆ.

"ನೀನು ಉಪ್ಪು ಬಿಟ್ರೆ ಆ ಬಾಗಿಲು ಮುಚ್ಚಲ್ಲ ಕಣೇ. ಕೊಬ್ಬಿನ ಕೋಶ ಬೆಳೆಯೋದ್ರಲ್ಲಿ ಅದರ ಕೆಲಸ ಏನು ಅಂತ ನಂಗೂ ಗೊತ್ತಿಲ್ಲ, ನಮ್ಮ ಪುಸ್ತಕದಲ್ಲೂ ಇಲ್ಲ" ಅಂದರು.

ಮಾರನೇ ವಾರ, ಹೊಲಿಯಲು ಕೊಟ್ಟಿದ್ದ ಹೊಸ ರವಿಕೆ ತರಲು ಪೇಟೆಗೆ ಹೋದೆ. ನಾನು ಇನ್ನೂ ದಪ್ಪ ಆದಾಗ ಬಿಚ್ಚಿ ಸಡಿಲ ಮಾಡಿಕೊಳ್ಳಲಿ ಎಂದು ದರ್ಜಿ, ನಾನು ಕೇಳದಿದ್ದರೂ, ಮಗ್ಗುಲ ಹೊಲಿಗೆಯೊಳಗೆ ಎರಡು ಇಂಚು ಬಟ್ಟೆ ಬಿಟ್ಟು ಹೊಲಿದಿದ್ದ.